ಸಂಚಾರ್ ಸಾಥಿ ಆ್ಯಪ್: ಫೋನಲ್ಲಿ ಇರ್ಲಿ, ಆದ್ರೆ ಫ್ರಾಡ್ ಮೆಸೇಜ್ ನಿಲ್ಸತ್ತೆ ಅನ್ಕೋಬೇಡಿ

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಮೊದ್ಲೇ ಹೇಳ್ಬಿಡ್ತೀನಿ, ಇದು ಸ್ಪ್ಯಾಮ್ ಬ್ಲಾಕರ್ ಅಲ್ಲ, ಇನ್‌ಸ್ಟಾಲ್ ಮಾಡಿದ್ ತಕ್ಷಣ ಮೆಸೇಜ್ ಎಲ್ಲಾ ನಿಂತೋಗತ್ತೆ ಅಂತ ಕಾಯ್ಕೊಂಡು ಕೂತ್ರೆ ನಿರಾಸೆ ಗ್ಯಾರಂಟಿ. ದೂರಸಂಪರ್ಕ ಇಲಾಖೆಯವ್ರು 2025ರ ಜನವರೀಲಿ ಬಿಟ್ಟ ಆ್ಯಪ್ ಇದು, ವೆಬ್‌ಸೈಟ್ 2023ರಿಂದಾನೇ ಇದೆ. 2025ರ ಕೊನೇಲಿ ಎಲ್ಲಾ ಹೊಸ ಫೋನಲ್ಲೂ ಇದನ್ನ ಹಾಕೇ ಮಾರ್ಬೇಕು ಅಂತ ಆರ್ಡರ್ ಮಾಡಿ, ಗಲಾಟೆ ಆದ್ಮೇಲೆ ವಾಪಸ್ ತಗೊಂಡ್ರಲ್ಲ, ಅದೇ ಆ್ಯಪು.

ನಾನು ಜಾಸ್ತಿ ಬಳಸಿದ್ದು ಮೋಸದ ಮೆಸೇಜ್, ಕಾಲ್ ಬಗ್ಗೆ ಕಂಪ್ಲೇಂಟ್ ಮಾಡೋ ಚಕ್ಷು ಅನ್ನೋ ಆಪ್ಷನ್. ಹಾಸನದಲ್ಲಿರೋ ನಮ್ಮಮ್ಮಂಗೆ ಒಂದು ಮೆಸೇಜ್ ಬಂದಿತ್ತು, ಹೋದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡ್ತೀವಿ, ತಕ್ಷಣ ಆಫೀಸರ್‌ಗೆ ಫೋನ್ ಮಾಡಿ ಅಂತ, ಕೆಳಗೆ ಬೆಸ್ಕಾಂ ಅಂತ ಬೇರೆ ಹಾಕಿದ್ರು. ಹಾಸನಕ್ಕೆ ಕರೆಂಟ್ ಕೊಡೋದು ಸೆಸ್ಕ್ ಕಣ್ರಪ್ಪ! ಅದೂ ಗೃಹಜ್ಯೋತೀಲಿ ಸೊನ್ನೆ ಬಿಲ್ ಬರೋ ಮನೆಗೆ. ಅಷ್ಟಾದ್ರೂ ಅಮ್ಮ ಗಾಬರಿ ಆಗಿದ್ದು ನಿಜ, ಯಾಕಂದ್ರೆ ರಾತ್ರಿ ಹೊತ್ತು ಕತ್ತಲಾಗತ್ತೆ ಅಂದ್ರೆ ಯಾರೂ ಬಿಲ್ ತೆಗೆದು ನೋಡಲ್ಲ, ಫೋನೇ ಮಾಡೋದು. ಚಕ್ಷುಲಿ ಇಂಥದ್ದಕ್ಕೆ ಎಸ್ಸೆಮ್ಮೆಸ್ಸಾ, ಕಾಲಾ, ವಾಟ್ಸಾಪಾ ಅಂತ ಆರಿಸಿ, ಯಾವ ಥರದ ಮೋಸ ಅಂತ ಹೇಳಿ, ಸ್ಕ್ರೀನ್‌ಶಾಟ್, ಬಂದ ದಿನ, ಟೈಮು ಹಾಕಿದ್ರೆ ಮುಗೀತು. 30 ದಿನದೊಳಗೆ ಬಂದಿರೋದು ಮಾತ್ರ. ಆ ನಂಬರ್‌ನ ಇಲಾಖೆಯವ್ರು ಮತ್ತೆ ವೆರಿಫೈ ಮಾಡಿಸ್ತಾರೆ, ಫೇಲ್ ಆದ್ರೆ ಕಟ್. ಅಂದ್ರೆ ನೀವು ಕಂಪ್ಲೇಂಟ್ ಮಾಡಿದ್ರಿಂದ ಲಾಭ ಆಗೋದು ಮುಂದೆ ಆ ಮೆಸೇಜ್ ಹೋಗ್ಬೇಕಾಗಿದ್ದವ್ರಿಗೆ. ದುಡ್ಡು ಆಗ್ಲೇ ಹೋಗಿದ್ರೆ ಇಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ, ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ ಪ್ರಕಾರ ಈ ಆ್ಯಪ್‌ನ ಅಸಲಿ ಮಾಲು ಬೇರೆ ಇದೆ, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಓಡ್ತಿದೆ ಅಂತ ತೋರ್ಸತ್ತೆ. ಒಬ್ರ ಹೆಸರಲ್ಲಿ 9 ಸಿಮ್ ತನಕ ಇರ್ಬೋದು ನಮ್ಮಲ್ಲಿ, ಯಾವತ್ತೋ ಎಲ್ಲೋ ಕೊಟ್ಟ ಆಧಾರ್ ಜೆರಾಕ್ಸ್ ಇಟ್ಕೊಂಡು ಯಾರು ಏನ್ ಮಾಡಿರ್ತಾರೋ. ಪಟ್ಟೀಲಿ ಗೊತ್ತಿಲ್ಲದ ನಂಬರ್ ಕಂಡ್ರೆ ನಂದಲ್ಲ ಅಂತ ಅಲ್ಲೇ ಒತ್ಬೋದು. ಮನೇಲಿ ದೊಡ್ಡವ್ರ ಫೋನಲ್ಲಿ ಇದೊಂದು ಚೆಕ್ ಮಾಡೋಕಾದ್ರೂ ಹಾಕಿ.

ಸ್ಟಾರ್ ಕಟ್ ಆಗಿದ್ದು ಪರ್ಮಿಷನ್ ವಿಷ್ಯಕ್ಕೆ. ಆಂಡ್ರಾಯ್ಡ್‌ನಲ್ಲಿ ಕಾಲ್ ಲಾಗ್, ಎಸ್ಸೆಮ್ಮೆಸ್, ಕ್ಯಾಮೆರಾ ಎಲ್ಲಾ ಕೇಳತ್ತೆ. ಕಂಪ್ಲೇಂಟ್ ಮಾಡೋಕೆ ಬೇಕು ಅಂತಾರೆ, ಇರ್ಬೋದು, ಆದ್ರೂ ಸರ್ಕಾರಿ ಆ್ಯಪ್‌ಗೆ ಇಷ್ಟೆಲ್ಲಾ ಕೊಡೋಕೆ ನಂಗೆ ಮುಜುಗರ. ಬೇಡ ಅನ್ಸಿದ್ರೆ ಇವೇ ಕೆಲ್ಸ ಬ್ರೌಸರ್‌ನಲ್ಲಿ ವೆಬ್‌ಸೈಟ್‌ನಲ್ಲೂ ಆಗತ್ತೆ.

ಇನ್ನು ಮೆಸೇಜ್ ಫಿಲ್ಟರ್ ಮಾಡೋಕೆ ಗೂಗಲ್ ಮೆಸೇಜಸ್‌ನಲ್ಲಿರೋ ಸ್ಪ್ಯಾಮ್ ಪ್ರೊಟೆಕ್ಷನ್ ಆನ್ ಮಾಡ್ಕೊಳಿ. ಅದಕ್ಕಿಂತ ಸುಲಭದ್ದು ಅಂದ್ರೆ ಕಳ್ಸಿರೋರ ಹೆಸರು ನೋಡೋದು. ಬ್ಯಾಂಕು, ಕಂಪ್ನಿಗಳ ಮೆಸೇಜ್ ಬರೋದು ಅಕ್ಷರದ ಹೆಸರಿಂದ, ಕೊನೇಲಿ ಒಂದು ಗೆರೆ ಹಾಕಿ ಇನ್ನೊಂದು ಅಕ್ಷರ ಇರತ್ತೆ: ಪಿ ಇದ್ರೆ ಜಾಹೀರಾತು, ಎಸ್ ಇದ್ರೆ ಸರ್ವಿಸ್, ಟಿ ಇದ್ರೆ ಓಟಿಪಿ ಥರದ ವ್ಯವಹಾರದ್ದು, ಜಿ ಅಂದ್ರೆ ಸರ್ಕಾರದ್ದು. ಹತ್ತಂಕಿ ಮೊಬೈಲ್ ನಂಬರಿಂದ ನಿಮ್ಮ ಕೆವೈಸಿ ಮುಗೀತು, ಪಾರ್ಸೆಲ್ ಅಡ್ರೆಸ್ ಸರಿ ಇಲ್ಲ, ಚಲನ್ ಕಟ್ಟಿ ಅಂತ ಬಂತಾ, ಓದೋ ಅವಶ್ಯಕತೇನೇ ಇಲ್ಲ, ಸ್ಕ್ರೀನ್‌ಶಾಟ್ ತಗೊಂಡು ಚಕ್ಷುಗೆ ಹಾಕಿ ಡಿಲೀಟ್ ಮಾಡಿ. ಬ್ಯಾಂಕ್ ವೆಬ್‌ಸೈಟ್ ಹೆಸರಾದ್ರೆ ಈಗ ಡಾಟ್ ಬ್ಯಾಂಕ್ ಡಾಟ್ ಇನ್ (.bank.in) ಅಂತ ಮುಗೀಬೇಕು, ರಿಸರ್ವ್ ಬ್ಯಾಂಕ್ ಹಾಗೇ ಮಾಡ್ಸಿದೆ.

ಡಿಎನ್‌ಡಿ (ಜಾಹೀರಾತು ಕಾಲ್, ಮೆಸೇಜ್ ಬೇಡ ಅಂತ ಬರೆಸೋದು) ಹಾಕ್ಸಿದೀನಿ ಸಾಕಲ್ವಾ ಅಂತ ನಮ್ಮ ಭಾವ ಕೇಳ್ತಿದ್ರು. 1909ಕ್ಕೆ ಹೇಳಿದ್ರೆ ನಿಲ್ಲೋದು ರಿಜಿಸ್ಟರ್ ಆಗಿರೋ ಕಂಪ್ನಿಗಳ ಜಾಹೀರಾತು ಭಾವ, ಕಳ್ಳರು ಆ ಲಿಸ್ಟ್ ನೋಡ್ಕೊಂಡು ಮೆಸೇಜ್ ಕಳ್ಸಲ್ಲ. ಮತ್ತೆ ಈ ಆ್ಯಪ್‌ನ ಪ್ಲೇ ಸ್ಟೋರ್ ಇಲ್ಲಾ ಆ್ಯಪ್ ಸ್ಟೋರಿಂದಾನೇ ಇಳಿಸ್ಕೊಳಿ, ವಾಟ್ಸಾಪಲ್ಲಿ ಯಾರೋ ಕಳ್ಸಿದ ಎಪಿಕೆ ಫೈಲ್ ಬೇಡ.