ಹಿಡ್ಕೊಂಡಿರೋ ಕಾಲಿಗೆ ಸೈಕಲ್ಲಾ, ಸ್ಟ್ರೆಚಿಂಗಾ?

ಕಾಲು ಹಿಡ್ಕೊಂಡಿದೆ ಅಂತ ನಾವು ಹೇಳೋದ್ರಲ್ಲಿ ಎರಡು ಜಾತಿ ಇದೆ, ಒಂದು ಜಾಸ್ತಿ ಕೆಲಸ ಕೊಟ್ಟಿದ್ದಕ್ಕೆ ಹಿಡ್ಕೊಳ್ಳೋದು, ಇನ್ನೊಂದು ಕೆಲಸಾನೇ ಕೊಡದೆ ಕುರ್ಚೀಲಿ ಕೂರ್ಸಿದ್ದಕ್ಕೆ ಹಿಡ್ಕೊಳ್ಳೋದು. ಮೈಸೂರಲ್ಲಿರೋದ್ರಿಂದ ಆಗಾಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋ ಅಭ್ಯಾಸ ನಂಗೆ, ಮಿಕ್ಕಿದ ಟೈಮೆಲ್ಲ ಲ್ಯಾಪ್‌ಟಾಪ್ ಮುಂದೆ. ಹಂಗಾಗಿ ಎರಡು ಜಾತಿನೂ ನನ್ನತ್ರ ಇದೆ, ಸೈಕಲ್ಲು ಸ್ಟ್ರೆಚಿಂಗು ಎರಡನ್ನೂ ಎರಡರ ಮೇಲೂ ಟ್ರೈ ಮಾಡಿ ನೋಡಿದೀನಿ.

ಮೊದಲು ಬೆಟ್ಟದ ನೋವು. ಸಾವಿರದಷ್ಟು ಮೆಟ್ಟಿಲು ಹತ್ತುವಾಗ ಹೋಗೋದು ಉಸಿರು, ತೊಡೆ ಕೆಡೋದು ಇಳಿಯುವಾಗ. ಇಳಿಯುವಾಗ ತೊಡೆ ಮುಂಭಾಗದ ಸ್ನಾಯು ಉದ್ದ ಆಗ್ತಾ ಆಗ್ತಾನೇ ಇಡೀ ಮೈಭಾರಕ್ಕೆ ಬ್ರೇಕ್ ಹಾಕ್ಬೇಕು, ಆ ಎಳೆತಕ್ಕೆ ಒಳಗಡೆ ಸಣ್ಣಪುಟ್ಟ ಡ್ಯಾಮೇಜ್ ಆಗುತ್ತೆ. ಅವತ್ತು ಏನೂ ಅನ್ಸಲ್ಲ, 24ರಿಂದ 72 ಗಂಟೆ ಒಳಗೆ ಜೋರಾಗುತ್ತೆ, ಇಂಡಿಯನ್ ಟಾಯ್ಲೆಟ್ಟಲ್ಲಿ ಕೂತ್ರೆ ಏಳೋಕೆ ಗೋಡೆ ಹಿಡ್ಕೋಬೇಕು. ಇದಕ್ಕೆಲ್ಲ ಜೋರು ಕೆಲಸ ಮಾಡುವಾಗ ಸ್ನಾಯುವಲ್ಲಿ ಹುಟ್ಟೋ ಲ್ಯಾಕ್ಟಿಕ್ ಆಸಿಡ್ಡೇ ಕಾರಣ ಅಂತ ಜಿಮ್ಮಲ್ಲಿ ಇನ್ನೂ ಹೇಳ್ತಾರೆ, ಅದು ಒಂದೆರಡು ಗಂಟೇಲಿ ರಕ್ತದಿಂದ ಖಾಲಿ ಆಗಿರುತ್ತೆ ಸ್ವಾಮಿ, ಮೂರನೇ ದಿನದ ನೋವಿಗೆ ಅದನ್ನ ಯಾಕೆ ಬೈತೀರಾ.

ಈ ನೋವಿಗೆ ಸ್ಟ್ರೆಚಿಂಗ್ ನಂಗೆ ಅಷ್ಟಕ್ಕಷ್ಟೇ. ಎಳೆದಾಗ ಹಾಯ್ ಅನ್ಸುತ್ತೆ, ಬಿಟ್ಟ ಮೇಲೆ ಮತ್ತದೇ. 2011ರ ಕಾಕ್ರೇನ್ ರಿವ್ಯೂ (ಒಂದೇ ವಿಷಯದ ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಕೂಡ ವ್ಯಾಯಾಮಕ್ಕೆ ಮುಂಚೆ ಮಾಡಿದ್ರೂ ಆಮೇಲೆ ಮಾಡಿದ್ರೂ ಇಂಥ ನೋವು ಹೇಳ್ಕೊಳ್ಳೋವಷ್ಟು ಕಮ್ಮಿ ಆಗಲ್ಲ ಅಂತಾನೇ ಹೇಳಿತ್ತು. ಸೈಕಲ್ ಮಾತ್ರ ಇಲ್ಲಿ ಗೆಲ್ಲುತ್ತೆ, ಯಾಕಂದ್ರೆ ಪೆಡಲ್ ತುಳಿಯುವಾಗ ಸ್ನಾಯು ಹೆಚ್ಚಾಗಿ ಕುಗ್ಗೋ ಕೆಲಸಾನೇ ಮಾಡೋದು, ಆ ಬ್ರೇಕ್ ಹಾಕೋ ಕೆಲಸ ಹೆಚ್ಚುಕಮ್ಮಿ ಇಲ್ಲ, ಮೈಭಾರ ಸೀಟ್ ಮೇಲೆ, ಹೊಸ ಗಾಯ ಆಗದೆ ರಕ್ತ ಮಾತ್ರ ಚೆನ್ನಾಗಿ ಓಡುತ್ತೆ. ಲಲಿತಮಹಲ್ ರೋಡ್ ಕಡೆ ಬೆಳಿಗ್ಗೆ ಗೇರ್ ಫುಲ್ ಲೈಟಾಗಿಟ್ಟು ಇಪ್ಪತ್ತು ನಿಮಿಷ, ಪಕ್ಕದಲ್ಲಿರೋರ ಜೊತೆ ಹರಟೆ ಹೊಡೆಯೋಕಾಗೋಷ್ಟು ನಿಧಾನಕ್ಕೆ, ಏರು ಬಂದ್ರೆ ನಾಚಿಕೆ ಬಿಟ್ಟು ಇಳಿದು ತಳ್ಕೊಂಡು ಹೋಗೋದು. ಮನೆಗೆ ಬಂದಾಗ ಕಾಲು ಸಡಿಲ ಆಗಿರುತ್ತೆ. ನೋವು ವಾಸಿ ಆಯ್ತು ಅಂತಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ವಾಪಸ್ ಬರುತ್ತೆ, ಅದು ವಾಸಿ ಆಗೋದು ತನ್ನ ಟೈಮಿಗೇನೆ.

ಸೀಟ್ ಎತ್ತರ ನೋಡ್ಕೊಳ್ಳಿ. ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದ್ರೆ ಮಂಡಿ ಸ್ವಲ್ಪ ಮಡಚಿರುತ್ತೆ. ಮಕ್ಕಳ ಸೈಕಲ್ ತಗೊಂಡು ಮಂಡಿ ಎದೆಗೆ ತಾಗೋ ಹಂಗೆ ತುಳಿದ್ರೆ ತೊಡೆ ಸರಿಹೋಗೋದಿರ್ಲಿ ಮಂಡೀನೂ ಹೋಗುತ್ತೆ.

ಇನ್ನು ಕುರ್ಚಿ ಬಿಗಿತ. ಇದ್ರಲ್ಲಿ ಸೈಕಲ್ ಪೂರ್ತಿ ಸೋಲುತ್ತೆ ಅಂತಲೇ ನನ್ನ ಅಭಿಪ್ರಾಯ, ಸೈಕಲ್ ಪ್ರಿಯರು ಬೈದ್ರೂ ಪರವಾಗಿಲ್ಲ. ಇಡೀ ದಿನ ಸೊಂಟ ಮಡಚ್ಕೊಂಡು ಕೂತಿರ್ತೀವಿ, ಸೈಕಲ್ ಮೇಲೂ ಸೊಂಟ ಪೂರ್ತಿ ನೆಟ್ಟಗಾಗೋದೇ ಇಲ್ಲ, ಮೇಲಿಂದ ಹ್ಯಾಂಡಲ್ ಕಡೆ ಬಗ್ಗಿರ್ತೀವಿ, ಅಂದ್ರೆ ಆಫೀಸ್ ಕುರ್ಚಿಗೇ ಚಕ್ರ ಹಾಕಿದಂಗೆ. ಇಲ್ಲಿ ಕೆಲಸ ಮಾಡಿದ್ದು ಸ್ಟ್ರೆಚಿಂಗು. ಒಂದು ಮಂಡಿ ನೆಲಕ್ಕೂರಿ ಇನ್ನೊಂದು ಕಾಲು ಮುಂದಿಟ್ಟು, ಕುಂಡಿ ಬಿಗಿಹಿಡಿದು ಸೊಂಟ ಮುಂದಕ್ಕೆ ತಳ್ಳೋದು, 30 ಸೆಕೆಂಡು, ಎರಡೂ ಕಡೆ ಎರಡೆರಡು ಸಲ. ಮೀನಖಂಡಕ್ಕೆ ಗೋಡೆ ತಳ್ಳೋ ಸ್ಟ್ರೆಚ್ ಮಂಡಿ ನೆಟ್ಟಗಿಟ್ಟು ಒಂದ್ಸಲ, ಮಡಚಿ ಒಂದ್ಸಲ, ಯಾಕಂದ್ರೆ ಒಳಗಿನ ಸ್ನಾಯುಗೆ ಎಳೆತ ಸಿಗೋದು ಮಡಚಿದಾಗ. ಕಾಲ್ಬೆರಳು ಮುಟ್ಟೋ ಸ್ಟ್ರೆಚ್ ನಾನು ಬಿಟ್ಬಿಟ್ಟೆ, ಅದ್ರಲ್ಲಿ ಬೆನ್ನೇ ಬಾಗಿ ತೊಡೆ ಹಿಂದಿನದು ತಪ್ಪಿಸ್ಕೊಂಡುಬಿಡುತ್ತೆ, ಬಾಗಿಲ ಚೌಕಟ್ಟಿಗೆ ಒಂದು ಕಾಲು ಎತ್ತಿಟ್ಟು ಮಲ್ಕೊಳ್ಳೋದು ಎಷ್ಟೋ ವಾಸಿ. ಆದ್ರೆ ಇದು ದಿನಾ ಮಾಡ್ಬೇಕು, ಮೊದಮೊದಲು ಸ್ನಾಯು ಉದ್ದ ಆಗೋದಕ್ಕಿಂತ ಎಳೆತ ತಡ್ಕೊಳ್ಳೋದು ಮೈಗೆ ರೂಢಿ ಆಗೋದೇ ಜಾಸ್ತಿ, ವಾರ ಬಿಟ್ರೆ ಗೊತ್ತಾಗುತ್ತೆ.

ಎರಡೂ ಒಟ್ಟಿಗೆ ಮಾಡೋರು ಸೈಕಲ್ ಮೊದಲು, ಮೈ ಬಿಸಿ ಆದ್ಮೇಲೆ ಎಳೀರಿ. ಬಿಸಿನೀರು, ಬಾಮು ಹಿತ ಕೊಡುತ್ತೆ, ಅಷ್ಟೇ. ಹಾಂ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ರೆ, ಇಲ್ಲಾ ಬೆಟ್ಟ ಹತ್ತಿದ್ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಸೈಕಲ್ಲೂ ಬೇಡ ಸ್ಟ್ರೆಚ್ಚೂ ಬೇಡ, ಅವತ್ತೇ ಡಾಕ್ಟರ್ ಹತ್ರ ಹೋಗಿ.