ಸ್ಟೆನ್ ಬಂದೂಕಿನ ಪ್ರತಿಕೃತಿ ಕೊಳ್ಳುವ ಮುನ್ನ ನನ್ನ ಅನುಭವವನ್ನು ಓದಿ

ಅಮೆರಿಕದ ಅರಿಜೋನಾದಲ್ಲಿ ನೆಲೆಸಿರುವ ನಾನು, ಹವ್ಯಾಸಿಯೊಬ್ಬರು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿದ್ದ ಸ್ಟೆನ್ ಮಾರ್ಕ್ 2 ಎಂಬ, ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಸ್ವಯಂಚಾಲಿತ ಬಂದೂಕಿನ ಸೆಮಿ ಆಟೋಮ್ಯಾಟಿಕ್ (ಒಂದು ಒತ್ತಿಗೆ ಒಂದೇ ಗುಂಡು ಹಾರಿಸುವ) ಪ್ರತಿಕೃತಿಯೊಂದನ್ನು ಪರವಾನಗಿ ಪಡೆದ ಅಂಗಡಿಯ ಮೂಲಕ ಕಾನೂನುಬದ್ಧವಾಗಿಯೇ ಕೊಂಡುಕೊಂಡೆ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ಸರಿಯಿಲ್ಲದ್ದು ಬಂದೂಕು.

ಮೊದಲ ದಿನವೇ ನಾಲ್ಕೈದು ಗುಂಡಿಗೊಮ್ಮೆ ತೋಟಾ ಸಿಕ್ಕಿಕೊಳ್ಳತೊಡಗಿತು. ಮಾರಿದವರಿಗೆ ಫೋನ್ ಮಾಡಿದರೆ, "ಸ್ಟೆನ್ ಎಂದಮೇಲೆ ಇದು ಇದ್ದದ್ದೇ, ಮ್ಯಾಗಝಿನ್ (ತೋಟಾ ತುಂಬುವ ಡಬ್ಬಿ) ಬದಲಿಸಿ ನೋಡಿ" ಎಂದರು. ಇತಿಹಾಸ ಓದಿಕೊಂಡಿದ್ದ ನನಗೆ ಆ ಮಾತು ಒಪ್ಪಿಗೆಯಾಗಿಬಿಟ್ಟಿತು. 1941ರಲ್ಲಿ ಬ್ರಿಟನ್ ತರಾತುರಿಯಿಂದ ತಯಾರಿಗೆ ತಂದ ಈ ಅಗ್ಗದ ಆಯುಧ ಸುಮಾರು 40 ಲಕ್ಷದಷ್ಟು ತಯಾರಾಯಿತು. ಅದರ 32 ತೋಟಾಗಳ ಮ್ಯಾಗಝಿನ್‌ನಲ್ಲಿ ಎರಡು ಸಾಲುಗಳು ಬಾಯಿಯ ಬಳಿ ಒಂದಾಗುತ್ತವೆ. ಆ ಬಾಯಿಯ ಅಂಚು ತುಸು ಸೊಟ್ಟಗಾದರೂ ತೋಟಾ ಸಿಕ್ಕಿಕೊಳ್ಳುತ್ತದೆ. ಸೈನಿಕರು ಎರಡು ಮೂರು ತೋಟಾ ಕಡಿಮೆಯೇ ತುಂಬುತ್ತಿದ್ದುದು ಈ ಕಾಟಕ್ಕೆ. ಹೀಗಾಗಿ ನಾನೂ ಮೂರು ಮ್ಯಾಗಝಿನ್ ಕೊಂಡೆ, ಬೇರೆ ಬೇರೆ ಬಗೆಯ ತೋಟಾ ಪ್ರಯತ್ನಿಸಿದೆ, ಸಿಕ್ಕಿಕೊಂಡದ್ದನ್ನು ಬಿಡಿಸುತ್ತ ಎರಡು ತಿಂಗಳು ಕಳೆದೆ.

ನಾನು ಮರೆತದ್ದು ಇಷ್ಟು: ನನ್ನ ಕೈಯಲ್ಲಿದ್ದದ್ದು ಸ್ಟೆನ್ ಆಗಿರಲಿಲ್ಲ. ಮೂಲ ಬಂದೂಕಿನಲ್ಲಿ ಬೋಲ್ಟ್, ಅಂದರೆ ತೋಟಾವನ್ನು ನಳಿಕೆಯೊಳಗೆ ತಳ್ಳುವ ಲೋಹದ ತುಂಡು, ಹಿಂದೆ ನಿಂತಿರುತ್ತದೆ. ಟ್ರಿಗರ್ ಒತ್ತಿದಾಗ ಅದು ಮುಂದಕ್ಕೆ ನುಗ್ಗಿ, ತನ್ನಲ್ಲೇ ಇರುವ ಅಚಲವಾದ ಮೊನೆಯಿಂದ ತೋಟಾವನ್ನು ಸಿಡಿಸುತ್ತದೆ. ಅಂಥ ತೆರೆದ ಬೋಲ್ಟಿನ ವಿನ್ಯಾಸಗಳನ್ನು ಸುಲಭವಾಗಿ ಸ್ವಯಂಚಾಲಿತಗೊಳಿಸಬಹುದೆಂಬ ಕಾರಣಕ್ಕೆ ಅಮೆರಿಕದ ಸರ್ಕಾರ 1982ರಿಂದ ಹೊಸ ತಯಾರಿಕೆಗಳನ್ನು ಮೆಷಿನ್‌ಗನ್ ಎಂದೇ ಪರಿಗಣಿಸುತ್ತ ಬಂದಿದೆ. ಆದ್ದರಿಂದ ಈಗಿನ ಪ್ರತಿಕೃತಿಗಳಲ್ಲಿ ಬೋಲ್ಟ್ ಮೊದಲು ಮುಚ್ಚಿಕೊಂಡು, ಆಮೇಲೆ ಪ್ರತ್ಯೇಕವಾದ ಸಿಡಿಮೊನೆ ಬಡಿಯುವ ವ್ಯವಸ್ಥೆ ಇರುತ್ತದೆ. ಹೊರಗಿನ ಕೊಳವೆ ಹಳೆಯದರಂತಿದ್ದರೂ ಒಳಗಿರುವುದು ಬೇರೆಯೇ ಯಂತ್ರ. ಮೂಲದ ಅಪಕೀರ್ತಿಯನ್ನು ಮುಂದಿಟ್ಟು ಪ್ರತಿಕೃತಿಯ ದೋಷವನ್ನು ಕ್ಷಮಿಸಲು ಯಾವ ಆಧಾರವೂ ಇಲ್ಲ.

ಒಂದು ಭಾನುವಾರ ಟ್ರಿಗರ್ ಒಮ್ಮೆ ಒತ್ತಿದಾಗ ಎರಡು ಗುಂಡು ಹಾರಿದವು. ಆಕಸ್ಮಿಕವೆಂದುಕೊಂಡು ಮತ್ತೆ ಪ್ರಯೋಗಿಸಿದ್ದು ನನ್ನ ದೊಡ್ಡ ತಪ್ಪು. ಒಂದೇ ಒತ್ತಿಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಬಂದೂಕು ಅಮೆರಿಕದ ಕಾನೂನಿನ ಕಣ್ಣಿಗೆ ಮೆಷಿನ್‌ಗನ್ ಆಗಬಹುದು; ಅದಿರಲಿ, ಮುಂದಿನ ಮ್ಯಾಗಝಿನ್‌ನಲ್ಲಿ ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ತೋಟಾ ಸಿಡಿಯಿತು. ಹಿತ್ತಾಳೆಯ ಕೋಶ ಹರಿದು, ಬಿಸಿ ಅನಿಲ ಮತ್ತು ಚೂರುಗಳು ಪಕ್ಕದ ಕಿಂಡಿಯಿಂದ ಚಿಮ್ಮಿ ಮುಂಗೈ ಗಾಯವಾಯಿತು. ಕಣ್ಣು ಉಳಿದದ್ದು ರಕ್ಷಣಾ ಕನ್ನಡಕದಿಂದ. ಅದರ ಗಾಜಿನ ಮೇಲೆ ಎರಡು ಗೀರುಗಳಿವೆ.

ಆಮೇಲೆಯೇ ನಾನು ಬಂದೂಕನ್ನು ವೃತ್ತಿಪರ ದುರಸ್ತಿಗಾರರ ಬಳಿ ಒಯ್ದದ್ದು. ಬೆಸುಗೆಯ ಬಿಸಿಗೆ ಕೊಳವೆ ತುಸು ಸೊಟ್ಟಗಾಗಿದ್ದರಿಂದ ಬೋಲ್ಟ್ ಉಜ್ಜಿಕೊಂಡು ಕೊನೆಯ ಹಂತದಲ್ಲಿ ಹಿಂಜರಿಯುತ್ತಿತ್ತು, ಸಿಡಿಮೊನೆಯನ್ನು ಹಿಡಿದಿಡುವ ಭಾಗವೂ ಸವೆದಿತ್ತು. ಎರಡು ತಿಂಗಳಿನಿಂದ ಸಿಕ್ಕಿಕೊಳ್ಳುತ್ತಿದ್ದ ತೋಟಾಗಳು ಇದನ್ನೇ ಹೇಳುತ್ತಿದ್ದವು. ಇದನ್ನು ದುರಸ್ತಿ ಮಾಡುವುದಕ್ಕೆ ಅವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಹವ್ಯಾಸಿ ಕಟ್ಟಿದ ಬಂದೂಕು ನಿಮ್ಮ ಕೈ ಸೇರಿದರೆ, ಮೊದಲ ಗುಂಡಿಗೂ ಮುನ್ನ ಅದನ್ನು ಬಲ್ಲವರಿಗೆ ತೋರಿಸಿ. ರಜೆಗೆ ಊರಿಗೆ ಹೋಗುವಾಗ ನೆನಪಿಗೆಂದು ಬಿಡಿಭಾಗವನ್ನಾಗಲಿ ತೋಟಾವನ್ನಾಗಲಿ ಪೆಟ್ಟಿಗೆಯಲ್ಲಿ ಇಡಬೇಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ. ಮಾರಿದವರು ಹಣ ಹಿಂದಿರುಗಿಸಿಲ್ಲ, ಈಗ ಫೋನನ್ನೂ ಎತ್ತುತ್ತಿಲ್ಲ.