ಮುಂದಿನ ಫೋರ್ಕ್ ಬಿಚ್ಚಲು ಕೊಟ್ಟರೆ ಅಲ್ಲಿಂದ ಕದಲಬೇಡಿ

ಮಡಿಕೇರಿಯ ಒಂದು ಗ್ಯಾರೇಜಿನವನು ‘ಹೆವಿ ಸ್ಪ್ರಿಂಗ್’ ಎಂದು 6,800 ರೂಪಾಯಿ ಬಿಲ್ ಬರೆದು ನನ್ನ ಬೈಕಿನ ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗೂ ಆಯಿಲೂ ಇರುವ ಜೋಡಿ ಕೊಳವೆಗೆ, ಹಾಕಿದ್ದು ನೀರಿನ ಪೈಪಿನ ತುಂಡು. ಸ್ಪ್ರಿಂಗ್ ಅಲ್ಲ, ಪೈಪಿನ ತುಂಡು! ಎರಡು ದಿನವಾದರೂ ಸಿಟ್ಟು ಇಳಿದಿಲ್ಲ, ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ತೂಕ 112 ಕಿಲೋ. ದಿನವೂ ಕಾಫಿ ತೋಟದ ಕಲ್ಲುದಾರಿಯಲ್ಲಿ ಓಡಾಟ. ಗುಂಡಿಗೆ ಇಳಿದಾಗಲೆಲ್ಲ ಫೋರ್ಕ್ ತಳ ಮುಟ್ಟಿ ಹ್ಯಾಂಡಲ್ ಕೈಗೆ ಗುದ್ದುತ್ತಿತ್ತು. ಫೋರ್ಕಿನ ಪೂರ್ಣ ಚಲನೆ 130 ಮಿಲಿಮೀಟರ್. ಸವಾರ ಕುಳಿತಾಗ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ತಗ್ಗಿದರೆ ಸರಿ. ನಾನು ಕುಳಿತರೆ 60 ಅಲ್ಲೇ ಮುಗಿಯುತ್ತಿತ್ತು.

‘ಅಣ್ಣಾ, ನಿಮ್ಮ ತೂಕಕ್ಕೆ ದಪ್ಪ ತಂತಿಯ ಸ್ಪ್ರಿಂಗೇ ಬೇಕು, ಬೆಂಗಳೂರಿನಿಂದ ತರಿಸುತ್ತೇನೆ’ ಎಂದ. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ನಂಬಿದೆ. ನಾಲ್ಕು ದಿನ ಬಿಟ್ಟು ಕರೆದ. ಬೆಳಿಗ್ಗೆ ಗಾಡಿ ಬಿಟ್ಟು ಬಂದೆ. ಸಂಜೆ ನನ್ನನ್ನೇ ಸೀಟಿನ ಮೇಲೆ ಕೂರಿಸಿ, ಟೇಪು ಹಿಡಿದು ತೋರಿಸಿದ: 38. ‘ನೋಡಿ ಅಣ್ಣಾ, ಹೊಸ ಸ್ಪ್ರಿಂಗಿನ ಕೆಲಸ!’ ನನಗೆಷ್ಟು ಖುಷಿಯಾಯಿತೆಂದರೆ ಹುಡುಗನಿಗೆ ನೂರು ರೂಪಾಯಿ ಬೇರೆ ಕೊಟ್ಟೆ. ಹಳೆಯ ಸ್ಪ್ರಿಂಗ್ ಕೊಡು ಎಂದರೆ ‘ಗುಜರಿಗೆ ಹಾಕಿಬಿಟ್ಟೆ’ ಎಂದ. ಬೆಳಿಗ್ಗೆ ಬಿಚ್ಚಿದ್ದು ಸಂಜೆಯೊಳಗೆ ಗುಜರಿಗೆ ಹೋಗುತ್ತದೆಯೇ? ಆಗ ಹೊಳೆಯಲಿಲ್ಲ. ಆ 38 ನನ್ನ ಕಣ್ಣು ಕಟ್ಟಿತ್ತು.

ಹನ್ನೊಂದನೆಯ ದಿನ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಲಿವರ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ಎದುರಿಗೆ ಬಸ್. ಹಿಂದಿನ ಬ್ರೇಕಿನ ಮೇಲೆ ಜಾರುತ್ತ ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಇಳಿದು ನೋಡಿದರೆ ಬ್ರೇಕ್ ಡಿಸ್ಕಿನ ಕಡೆಯ ಫೋರ್ಕ್ ಸೀಲ್, ಅಂದರೆ ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಬಳೆ, ಹೋಗಿ, ಆಯಿಲ್ ಡಿಸ್ಕಿನ ಮೇಲೆಲ್ಲ ಇಳಿದು ಪ್ಯಾಡಿಗೂ ಹತ್ತಿತ್ತು. ಮನೆಯಲ್ಲಿ ಇಂದಿಗೂ ಹೇಳಿಲ್ಲ.

ಪಿಕಪ್‌ನಲ್ಲಿ ಹೇರಿಸಿಕೊಂಡು ಕುಶಾಲನಗರದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ ಹೋದೆ. ನನ್ನೆದುರೇ ಮೇಲಿನ ಮುಚ್ಚಳ ಬಿಚ್ಚಿದರು. ಹೊರಬಂದದ್ದು ಅದೇ ಹಳೆಯ ಸ್ಪ್ರಿಂಗ್! ಅದರ ತಲೆಯ ಮೇಲೆ ಗರಗಸದಲ್ಲಿ ಸೊಟ್ಟಗೆ ಕೊಯ್ದ ಒಂದಂಗುಲದ ಪೈಪು. ಪೈಪು ಹಾಕುವುದೇ ತಪ್ಪೆಂದಲ್ಲ, ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡಲು ಸ್ಪೇಸರ್ ಹಾಕುವುದುಂಟು. ಆದರೆ ಅದರಿಂದ ಗಾಡಿಯ ಮುಂಭಾಗ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಅವನ 38ರ ಗುಟ್ಟು ಇಷ್ಟೇ. ತಳ ಮುಟ್ಟುವುದನ್ನು ಮರೆಮಾಚಲು ದಪ್ಪ ಆಯಿಲನ್ನು ಮೇಲಿನವರೆಗೆ ತುಂಬಿಸಿದ್ದ. ಆಯಿಲಿನ ಮೇಲೆ ಗಾಳಿಗೆ ಜಾಗ ಬಿಡದಿದ್ದರೆ ಫೋರ್ಕ್ ಒತ್ತಿದಾಗ ಒತ್ತಡ ಹೋಗುವುದೆಲ್ಲಿಗೆ? ಸೀಲಿಗೆ. ನನ್ನ ಸೀಲ್ ಹೋದದ್ದು ಹಾಗೆ.

ಪೈಪಿನ ತುಂಡು ಕೈಯಲ್ಲಿ ಹಿಡಿದೇ ಅವನ ಗ್ಯಾರೇಜಿಗೆ ಹೋದೆ. ನಾಲ್ಕು ಮಂದಿ ಗಿರಾಕಿಗಳಿದ್ದರು.

‘ಸ್ಪ್ರಿಂಗ್ ಬದಲಿಸಿದ್ದೇನೆ ಎಂದು ಎಲ್ಲಿದೆ ಅಣ್ಣಾ? ಹೆವಿ ಸ್ಪ್ರಿಂಗ್ ಕೆಲಸ ಎಂದಷ್ಟೇ ಬರೆದಿದ್ದೇನೆ.’

ಹಾಗಾದರೆ ಬೆಂಗಳೂರಿನಿಂದ ತರಿಸಿದ್ದೇನು ಎಂದೆ. ಅದಕ್ಕೆ ಉತ್ತರವಿಲ್ಲ. ‘ಮಳೆಗಾಲದಲ್ಲಿ ಸೀಲ್ ಹೋಗುವುದು ಸಹಜ ಅಣ್ಣಾ.’ ಬ್ರೇಕ್ ಹಿಡಿಯಲಿಲ್ಲ, ಬಸ್ಸಿನಡಿ ಹೋಗುತ್ತಿದ್ದೆ ಎಂದರೆ, ‘ಮೊದಲು ಇಪ್ಪತ್ತು ಕಿಲೋ ಇಳಿಸಿ ಅಣ್ಣಾ, ಆಮೇಲೆ ಫೋರ್ಕಿನ ಮಾತಾಡೋಣ.’

ಎಲ್ಲರೂ ನಕ್ಕರು. ಮಾತಿಗೊಮ್ಮೆ ಅಣ್ಣಾ ಎನ್ನುತ್ತಲೇ ನನ್ನ ಮೈಯನ್ನು ಆಡಿಕೊಂಡ. ದುಡ್ಡು ಹೋದದ್ದಕ್ಕಿಂತ ಹೆಚ್ಚು ಉರಿಯುತ್ತಿರುವುದು ಅದು. ನನ್ನ ತೂಕ ನೋಡಿಯೇ ಅಲ್ಲವೇ ಅವನು 6,800 ಕೇಳಿದ್ದು?

ಫೋರ್ಕ್ ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿ. ಹೊಸ ಸ್ಪ್ರಿಂಗನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಹಳೆಯದನ್ನು ಕೈಗೆ ತೆಗೆದುಕೊಳ್ಳಿ. ಗುಜರಿ ಎಂದರೆ ಜಗಳವಾಡಿ. ಆಯಿಲನ್ನು ಅಳತೆ ಮಾಡದೆ ಸುರಿಯುವವನಿಗೆ ಗಾಡಿ ಕೊಡಲೇಬೇಡಿ. ಫೋರ್ಕಿನ ಕೊಳವೆಯಲ್ಲಿ ಆಯಿಲ್ ಪಸೆ ಕಂಡರೆ ಆ ದಿನ ಘಾಟಿ ಇಳಿಯಬೇಡಿ.

ಆ 38 ನೋಡಿದ ಖುಷಿಯಲ್ಲಿ ಅವನನ್ನು ಹೊಗಳಿ ಇಬ್ಬರನ್ನು ನಾನೇ ಅಲ್ಲಿಗೆ ಕಳುಹಿಸಿದ್ದೆ. ನಾನು ಫೋನ್ ಮಾಡಿದ ಕೂಡಲೇ ಒಬ್ಬರು ಗಾಡಿ ನಿಲ್ಲಿಸಿದ್ದಾರೆ. ಇನ್ನೊಬ್ಬರು ಬೆಳಿಗ್ಗೆಯೇ ಮಾಕುಟ್ಟದ ಘಾಟಿ ದಾರಿಯಾಗಿ ಕೇರಳದ ಇರಿಟ್ಟಿಗೆ ಹೊರಟಿದ್ದಾರಂತೆ. ಮೂರು ಸಲ ಕರೆ ಮಾಡಿದೆ, ಸಿಗುತ್ತಿಲ್ಲ. ಆ ಕಡೆ ಯಾರಾದರೂ ಅವರನ್ನು ಕಂಡರೆ ನಿಲ್ಲಿಸಿ ಫೋರ್ಕ್ ನೋಡಲು ಹೇಳಿ.